ಹೆಪ್ಪು ಕೊಟ್ಟ ದ್ಯಾವಮ್ಮ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಮೂಗು ಚುಚ್ಚಿರದ ಕಾಲದಲ್ಲಿ, ಒಬ್ಬ ರಾಜ ಇದ್ದನಂತೆ. ಒಳ್ಳೇ ರಾಜಾನೇ, ಆದ್ರೆ ಅವನ ಮನೆ ಹಿತ್ತಲಲ್ಲಿ ಏನು ನಡೀತದೆ ಅಂತ ಒಂದಿನಾನೂ ಇಣುಕಿ ನೋಡ್ದೋನಲ್ಲ. ಆ ಅರಮನೇಲಿ ಮೊಸರು ಮಾಡೋಕೇ ಅಂತ ಒಬ್ಬಳು ಹೆಂಗಸು ಇದ್ದಳಂತೆ, ದ್ಯಾವಮ್ಮ ಅಂತ. ನಗಬೇಡ ಪುಟ್ಟಿ, ಅದೂ ಒಂದು ಕೆಲಸಾನೇ. ಹಾಲು ಕಾಯ್ಸಬೇಕು, ಬೆರಳದ್ದಿದ್ರೆ ಸುಡಬಾರ್ದು, ತಣ್ಣಗೂ ಆಗಿರಬಾರ್ದು, ಆಗ ಹೆಪ್ಪು ಹಾಕಿ ಅಲ್ಲಾಡದಂಗೆ ಮುಚ್ಚಿಡಬೇಕು. ಬೆಳಿಗ್ಗೆ ಎದ್ದು ನಾಳೆಯ ಹೆಪ್ಪಿಗೆ ಅಂತ ಒಂದು ಬಟ್ಟಲು ತೆಗೆದಿಟ್ಟು ಆಮೇಲೇನೇ ಮಿಕ್ಕಿದ್ದು ಬಡಿಸಬೇಕು. ಮೂವತ್ತು ವರ್ಷ ಹಂಗೇ ಮಾಡಿದ್ದಳಂತೆ.

ಆಮೇಲೆ ಏನಪ್ಪಾ ಅಂದ್ರೆ, ಊರಲ್ಲಿ ಯಾರ ಮನೇಲಾದ್ರೂ ಹೆಪ್ಪು ತೀರಿದ್ರೆ ಸಂಜೆ ದೀಪ ಹಚ್ಚೋದ್ರೊಳಗೆ ಒಂದು ಬಟ್ಟಲು ಹಿಡ್ಕೊಂಡು ಅರಮನೆ ಹಿತ್ತಲ ಬಾಗಿಲಿಗೆ ಬರೋರಂತೆ, ದ್ಯಾವಮ್ಮ ಒಂದು ಚೂರು ಮೊಸರು ಹಾಕಿ ಕಳ್ಸೋಳಂತೆ. ಹೆಪ್ಪು ಕೇಳಿದ್ರೆ ಇಲ್ಲ ಅಂತಾರೇನೇ? ಪಕ್ಕದ್ಮನೆ ಗೌರಮ್ಮನ ಜೊತೆ ನಾನು ಮಾತು ಬಿಟ್ಟಾಗಲೂ ಹೆಪ್ಪಿಗೆ ಅಂತ ನಿನ್ನ ಕೈಲಿ ಬಟ್ಟಲು ಕಳ್ಸಿದ್ದೆ. ಜಗಳ ಬೇರೆ, ಹೆಪ್ಪು ಬೇರೆ.

ಆ ಅರಮನೆಗೆ ತಿಮ್ಮರಸಯ್ಯ ಅಂತ ಒಬ್ಬ ಪಾರುಪತ್ಯಗಾರ. ಆಳುಕಾಳು, ಅಡುಗೆಮನೆ, ಉಗ್ರಾಣ ಎಲ್ಲಾ ಅವನು ಹೇಳ್ದಂಗೆ. ಅವನಿಗೊಬ್ಬ ಭಾಮೈದ, ಚೆಲುವಯ್ಯ. ಮೀಸೆ ತಿರುವೋದು ಬಿಟ್ರೆ ಇನ್ನೊಂದು ಕೆಲಸ ಬರ್ತಿರ್ಲಿಲ್ವಂತೆ ಆ ಆಸಾಮಿಗೆ. ನನ್ನ ತಮ್ಮನಿಗೊಂದು ಕೆಲಸ ಕೊಡ್ಸಿ, ಕೊಡ್ಸಿ ಅಂತ ತಿಮ್ಮರಸಯ್ಯನ ಹೆಂಡತಿ ಬೆಳಗಾದ್ರೆ ಅವನ ತಲೆ ತಿನ್ನೋಳಂತೆ. ಅರಮನೇಲಿ ಖಾಲಿ ಕೆಲಸ ಎಲ್ಲಿದೆ? ಇಲ್ಲದಿದ್ರೆ ಒಂದನ್ನ ಖಾಲಿ ಮಾಡಿಸಿದ್ರಾಯ್ತು ಅಂದ್ಕೊಂಡು ತಿಮ್ಮರಸಯ್ಯ ಒಂದು ಸಂಜೆ ಹೋಗಿ ಹಿತ್ತಲ ಬಾಗಿಲ ಹತ್ರ ಮರೆಯಲ್ಲಿ ನಿಂತು, ದ್ಯಾವಮ್ಮ ಹೆಪ್ಪು ಕೊಡೋದನ್ನ ನೋಡಿದನಂತೆ.

ಮಾರನೇ ದಿನ ದ್ಯಾವಮ್ಮ ಕೆಲಸಕ್ಕೆ ಬಂದ್ರೆ ಕಾವಲಿನೋನು ಬಾಗಿಲಲ್ಲೇ ತಡೆದನಂತೆ. ನಿನ್ನ ಮೇಲೆ ದೂರು ಬಂದದೆ, ವಿಚಾರಣೆ ಆಗೋವರೆಗೂ ಮನೇಲಿರು ಅಂದನಂತೆ. ಏನು ದೂರಪ್ಪಾ ಅಂದ್ರೆ ಅದು ನಂಗೊತ್ತಿಲ್ಲ ಕಣಮ್ಮಾ ಅಂದನಂತೆ. ಎಂಟು ದಿನ ಕಾದು ಮತ್ತೆ ಹೋದಳಂತೆ. ಈ ಸಲ ಗುಮಾಸ್ತ ಸಿಕ್ಕಿ, ನಾವೇ ಹೇಳಿ ಕಳ್ಸ್ತೀವಿ, ನೀನು ಬಂದು ಬಂದು ಕಾಡಬೇಡ ಅಂದನಂತೆ. ಇನ್ನೂ ಎಂಟು ದಿನ ಕಾದು ಮೂರನೇ ಸಲ ಹೋದ್ರೆ ತಿಮ್ಮರಸಯ್ಯನೇ ಹೊರಗೆ ಬಂದು, ವಿಚಾರಣೆ ಮುಗೀತು, ಅರಮನೆ ಸ್ವತ್ತು ಕದ್ದು ಊರಿಗೆ ಹಂಚಿದೋಳು ನೀನು, ನಿನ್ನನ್ನ ಕೆಲಸದಿಂದ ತೆಗೆದಾಯ್ತು ಅಂದನಂತೆ.

ನಾನಿಲ್ಲದೇನೇ ವಿಚಾರಣೆ ಆಯ್ತಾ ಸ್ವಾಮಿ, ಅಂದಳಂತೆ ಪಾಪ.

ನೀನಿದ್ದಿದ್ರೆ ಸುಮ್ನೆ ಹೊತ್ತಾಗ್ತಿತ್ತು, ಅಂದನಂತೆ ಅವನು.

ಅಷ್ಟಕ್ಕೇ ಬಿಟ್ನಾ? ಊರಲ್ಲೆಲ್ಲಾ ಡಂಗೂರ ಹೊಡೆಸಿದ. ದ್ಯಾವಮ್ಮ ಹೆಪ್ಪುಗಳ್ಳಿ, ಇನ್ನು ಮೇಲೆ ಈ ಊರಲ್ಲಿ ಯಾರು ಯಾರಿಗೆ ಹೆಪ್ಪು ಕೊಟ್ರೂ ಅದು ಕಳ್ಳತನವೇ ಅಂತ. ಜನಕ್ಕೆ ಭಯ ಆಯ್ತು. ಬಾವಿಕಟ್ಟೇಲಿ ದ್ಯಾವಮ್ಮ ಬಂದ್ರೆ ಹೆಂಗಸರು ಕೊಡ ಎತ್ಕೊಂಡು ಹೊರಟುಬಿಡೋರಂತೆ. ಅವರ ಮನೆ ಗಡಿಗೆಗಳಲ್ಲೆಲ್ಲಾ ಇದ್ದದ್ದು ಇವಳು ಕೊಟ್ಟ ಹೆಪ್ಪೇ, ಆದ್ರೂ ಮುಖ ತಿರುಗಿಸೋರಂತೆ. ಗಂಜಿಗೆ ಕಷ್ಟ ಆದದ್ದು ಅವಳಿಗೆ ದೊಡ್ಡದಾಗಿ ಕಾಣ್ಲಿಲ್ಲ ಕಂದಾ. ಸಂಜೆ ಬಾಗಿಲು ತೆಕ್ಕೊಂಡು ಕೂತಿರೋಳಂತೆ, ದೀಪ ಹಚ್ಚೋ ಹೊತ್ತಾದ್ರೂ ಒಂದು ಬಟ್ಟಲೂ ಬರ್ತಿರ್ಲಿಲ್ಲ. ಅದಕ್ಕೆ ಸೆರಗಲ್ಲಿ ಕಣ್ಣೊರೆಸ್ಕೊಳ್ಳೋಳಂತೆ. ನನ್ನ ಕೆಲಸ ಹೋದ್ರೆ ಹೋಗ್ಲಿ, ಕಳ್ಳಿ ಅಂತ ಹೆಸರಿಟ್ಕೊಂಡು ನಾನು ಸಾಯೋಲ್ಲ ಅಂದ್ಕೊಂಡಳಂತೆ.

ಇತ್ತ ಚೆಲುವಯ್ಯ ಮೊಸರಿನ ಅಧಿಕಾರಿ ಆದ. ಅಲ್ಲೀವರೆಗೂ ಅಡುಗೆಮನೆಯೋರು ದ್ಯಾವಮ್ಮ ಉಳಿಸಿಟ್ಟ ಹೆಪ್ಪಲ್ಲೇ ಹೆಂಗೋ ನಡೆಸ್ಕೊಂಡು ಬಂದಿದ್ರಂತೆ. ಮೊದಲ ದಿನವೇ ಅರಮನೆಗೆ ನೆಂಟರು ಬಂದಿದ್ರು. ಧಾರಾಳಿ ಅನ್ನಿಸ್ಕೊಳ್ಳೋಣ ಅಂತ ಇದ್ದಬದ್ದ ಮೊಸರೆಲ್ಲಾ ಬಡಿಸಿ, ಗಡಿಗೆನ ಬೂದಿ ಹಾಕಿ ಫಳಫಳ ಅನ್ನೋ ಹಂಗೆ ತೊಳೆದಿಟ್ಟನಂತೆ. ನಾಳೆಗೆ ಹೆಪ್ಪು ಉಳಿಸ್ಕೋಬೇಕು ಅನ್ನೋದೇ ಆ ಮಹಾರಾಯನಿಗೆ ಗೊತ್ತಿಲ್ಲ! ಮಾರನೇ ದಿನ ಹಾಲಿಗೆ ನಿಂಬೆಹಣ್ಣು ಹಿಂಡಿದ, ಹಾಲು ಒಡೆದು ನೀರಾಯ್ತು. ಅದರ ಮರುದಿನ ಹುಣಸೆಹಣ್ಣು ಕಿವುಚಿದ, ಬಾಯಿಗಿಟ್ಟೋರ ಮುಖ ನೋಡೋಕಾಗ್ಲಿಲ್ಲ. ಅದರಾಚೆ ದಿನ ದಿಕ್ಕು ತೋಚದೆ ಗಡಿಗೆಗೆ ಕುಂಕುಮ ಇಟ್ಟು ಕೈಮುಗಿದು ಕೂತ್ಕೊಂಡನಂತೆ. ಹಾಲು ನಾರೋಕೆ ಶುರುವಾಯ್ತು. ಊರಲ್ಲಿ ಹೋಗಿ ಕೇಳೋಣ ಅಂದ್ರೆ, ಹೆಪ್ಪು ಕೊಡೋದೇ ಕಳ್ಳತನ ಅಂತ ಅವನ ಭಾವನೇ ಡಂಗೂರ ಹೊಡೆಸಿದ್ದಾನಲ್ಲ!

ಆ ಅರಮನೇಲಿ ರಾಜನ ತಾಯಿ ದೊಡ್ಡರಾಣಿ ಇದ್ದಳು, ಹಣ್ಣುಹಣ್ಣು ಮುದುಕಿ. ಬಾಯಲ್ಲಿ ಹಲ್ಲಿಲ್ಲ, ದಿನಕ್ಕೊಂದು ಹಿಡಿ ಮೊಸರನ್ನ ಬಿಟ್ರೆ ಇನ್ನೇನೂ ಸೇರದು. ಮೂರು ದಿನ ತಟ್ಟೆ ಪಕ್ಕಕ್ಕೆ ತಳ್ಳಿ, ನಾಲ್ಕನೇ ದಿನ ಹಾಸಿಗೆ ಬಿಟ್ಟು ಏಳಲಿಲ್ವಂತೆ. ರಾಜ ಓಡಿ ಬಂದ. ದ್ಯಾವಮ್ಮ ಎಲ್ಲೋ ಮಗನೇ, ಅಂದಳಂತೆ ಮುದುಕಿ. ಯಾವ ದ್ಯಾವಮ್ಮ, ಅಂದನಂತೆ ರಾಜ. ಮೂವತ್ತು ವರ್ಷ ಅವಳ ಮೊಸರು ತಿಂದೋನು!

ತಿಮ್ಮರಸಯ್ಯನ್ನ ಕರೆದು ಕೇಳಿದ್ರೆ, ಅವಳು ಕಳ್ಳಿ, ಬುದ್ಧಿ, ಅದಕ್ಕೇ ತೆಗೆದ್ವಿ ಅಂದ. ಸರಿ, ಮೊದಲು ಎಲ್ಲಿಂದಾದ್ರೂ ಹೆಪ್ಪು ತರ್ಸಿ ಅಂತ ರಾಜ ಊರೊಳಗೆ ಆಳು ಕಳ್ಸಿದ. ಮೊದಲನೇ ಮನೆಯೋಳು, ಅಯ್ಯೋ ಕೊಟ್ರೆ ನನ್ನನ್ನೂ ಕಳ್ಳಿ ಅಂತೀರಿ ಅಂದಳಂತೆ. ಎರಡನೇ ಮನೆಯೋಳು ತಟ್ಟನೆ ಬಾಗಿಲು ಹಾಕ್ಕೊಂಡಳಂತೆ. ಮೂರನೇ ಮನೆಯೋಳು ಮಾತ್ರ, ನಮ್ಮನೇದೂ ದ್ಯಾವಮ್ಮ ಕೊಟ್ಟಿದ್ದೇ, ಹೋಗಿ ಅವಳನ್ನೇ ಕೇಳಿ, ಕೇಳೋ ಮುಖ ಇದ್ರೆ ಅಂದಳಂತೆ.

ಆಳು ಹೋದ. ದೊಡ್ಡರಾಣಿ ಊಟ ಬಿಟ್ಟವ್ರೆ ಅಂತ ಕಿವಿಗೆ ಬಿದ್ದದ್ದೇ ತಡ, ದ್ಯಾವಮ್ಮ ಹೆಪ್ಪೂ ಕೊಟ್ಟಳು, ಮನೇಲಿದ್ದ ಗಟ್ಟಿ ಮೊಸರೂ ಕೊಟ್ಟು, ಓಡಪ್ಪಾ ಓಡು, ಹಸಿದಿರೋ ಜೀವ ಅಂದಳಂತೆ. ನೀನೂ ಬಾ, ಕೆಲಸ ವಾಪಸ್ಸು ಕೊಡ್ತಾರೆ ಅಂದ್ರೆ, ನಾನು ಬರಲ್ಲ ಅಂದಳಂತೆ. ಆಮೇಲೆ ತಿಮ್ಮರಸಯ್ಯನೇ ಜರತಾರಿ ಸೀರೆ ಹಿಡ್ಕೊಂಡು ಬಂದು, ಆಗಿದ್ದು ಆಗೋಯ್ತು, ಮರೆತುಬಿಡಮ್ಮ ಅಂದ. ಯಾವುದನ್ನ ಮರೀಬೇಕು ಅಂತ ಮೊದಲು ಬಾಯಿಬಿಟ್ಟು ಹೇಳಿ ಸ್ವಾಮಿ, ಅಂದಳಂತೆ. ಅವನು ಸೀರೆ ಸಮೇತ ವಾಪಸ್ಸು ಹೋದ. ಮೂರನೇ ಸಲ ರಾಜನೇ ಬಂದನಂತೆ, ಬಾಗಿಲಿಗೆ ತಲೆ ತಗ್ಗಿಸಿ. ನಿನಗೇನು ಬೇಕು ತಾಯಿ ಕೇಳು, ಅಂದ.

ನಂಗೆ ವಿಚಾರಣೆ ಬೇಕು ಬುದ್ಧಿ, ಅಂದಳಂತೆ.

ಸರಿ, ಅರಮನೆ ಮುಂದಿನ ಬಯಲಲ್ಲಿ ಊರೆಲ್ಲಾ ಸೇರ್ತು. ಹೆಪ್ಪು ಕೊಟ್ಟಿದ್ದು ನಿಜವೇನಮ್ಮ ಅಂತ ರಾಜ ಕೇಳಿದ. ನಿಜ ಬುದ್ಧಿ, ಕೇಳಿದೋರಿಗೆಲ್ಲಾ ಕೊಟ್ಟೆ. ನಾನು ಕೆಲಸಕ್ಕೆ ಸೇರಿದಾಗ ಅರಮನೇಲಿ ಹೆಪ್ಪು ಕೆಟ್ಟಿತ್ತು, ಮೊದಲ ಹೆಪ್ಪು ನಮ್ಮವ್ವನ ಮನೆಯಿಂದ ತಂದೋಳೇ ನಾನು. ಅರಮನೆಗೆ ಕೊಟ್ಟಾಗ ಕಳ್ಳತನ ಆಗದ್ದು ಊರಿಗೆ ಕೊಟ್ಟಾಗ ಹೆಂಗಾಯ್ತು ಅಂದಳಂತೆ. ಇದನ್ನ ಆಗಲೇ ಯಾಕಮ್ಮಾ ಹೇಳ್ಲಿಲ್ಲ, ಅಂದ ರಾಜ.

ಯಾರೂ ನನ್ನ ಕೇಳ್ಲಿಲ್ಲ ಬುದ್ಧಿ, ಅಂದಳಂತೆ.

ಬಾವಿಕಟ್ಟೆಯ ಹೆಂಗಸರು ಗೊಳೋ ಅಂತ ಅತ್ತರಂತೆ. ರಾಜನಿಗೆ ನಾಚಿಕೆ ಆಯ್ತು, ಡಂಗೂರ ಹೊಡೆದೋನ್ನೇ ಕರೆದು, ದ್ಯಾವಮ್ಮ ಕಳ್ಳಿ ಅಲ್ಲ ಅಂತ ಬೀದಿಬೀದೀಲಿ ಸಾರಿಸಿದ. ನಾಚಿಕೆ ಆದ್ರೆ ಹಿಂದೇನೇ ಸಿಟ್ಟೂ ಬರ್ತದಲ್ಲ, ಹಂಗೇ ತಿಮ್ಮರಸಯ್ಯನ ಕಡೆ ತಿರುಗಿ, ಇವನನ್ನ ಈ ಗಳಿಗೇಲೇ ಕೆಲಸದಿಂದ ಕಿತ್ತು ಊರಾಚೆ ಅಟ್ಟಿ ಅಂತ ಗುಡುಗಿದನಂತೆ.

ಆಗ ದ್ಯಾವಮ್ಮ ಕೈ ಅಡ್ಡ ಹಿಡಿದು, ಹಂಗೆ ಮಾಡಬೇಡಿ ಬುದ್ಧಿ, ಮೊದಲು ಅವರನ್ನೂ ಒಂದು ಮಾತು ಕೇಳಿ ಅಂದಳಂತೆ.

ರಾಜ ಕೇಳಿದ್ದಕ್ಕೆ ತಿಮ್ಮರಸಯ್ಯ ಎಲ್ಲಾ ಹೇಳಿದ, ಹೆಂಡತಿ ಕಾಟ, ಭಾಮೈದನ ಮೀಸೆ, ಮರೆಯಲ್ಲಿ ನಿಂತಿದ್ದು, ಒಂದೂ ಬಿಡದೆ. ತಪ್ಪು ಅವನ ಬಾಯಿಂದಲೇ ಬಂತು. ಪಾರುಪತ್ಯ ಹೋಯ್ತು, ಅನ್ನ ಹೋಗ್ಲಿಲ್ಲ, ಗುಮಾಸ್ತನ ಕೈಕೆಳಗೆ ಒಂದು ಕೆಲಸ ಸಿಕ್ತು. ಚೆಲುವಯ್ಯ ದನ ಮೇಯಿಸೋಕೆ ಹೋದ, ಅಲ್ಲಿ ಅವನ ಮೀಸೆ ಕಂಡ್ರೆ ದನಗಳಿಗೇನೂ ತೊಂದರೆ ಇರ್ಲಿಲ್ವಂತೆ. ದ್ಯಾವಮ್ಮ ಮರುದಿನ ಬೆಳಿಗ್ಗೆ ಮುಂಬಾಗಿಲಿಂದ ಕೆಲಸಕ್ಕೆ ಹೋದಳಂತೆ, ದೊಡ್ಡರಾಣಿ ತಟ್ಟೆ ತುಂಬ ಉಂಡಳಂತೆ.

ಏನಂದೆ? ನೀನಾಗಿದ್ರೆ ತಿಮ್ಮರಸಯ್ಯನ್ನ ಕೇಳ್ತಾನೇ ಇರ್ಲಿಲ್ವಾ? ನಂಗೂ ನಿನ್ನಷ್ಟಿದ್ದಾಗ ಹಂಗೇ ಅನ್ನಿಸ್ತಿತ್ತು ಕಣೇ. ಮುಗೀತು ಕತೆ, ಕಾಲು ಒಳಗೆಳ್ಕೊಂಡು ಮಲಕ್ಕೋ.