ಬದುವಿನ ತನಕ ಹೋದ ಎರೆಹುಳು

ಗದ್ದೆಯನ್ನು ಯಾರೋ ಹೊಸಬರು ಗುತ್ತಿಗೆಗೆ ಹಿಡಿದರೆಂದು ತಿಳಿದ ಎರೆಹುಳು ಬದು ದಾಟಲು ಹೊರಟಿತು. ದಾರಿಯಲ್ಲಿ ಏಡಿ ಎದುರಾಯಿತು.

"ಎಲ್ಲಿಗೆ ಹೊರಟೆ ತಮ್ಮಾ?"

"ಪಕ್ಕದ ಗದ್ದೆಗೆ, ಏಡಿಯಣ್ಣ. ಒಂದೇ ವರ್ಷಕ್ಕೆಂದು ಬರುವವರು ಬರೀ ರಾಸಾಯನಿಕ ಗೊಬ್ಬರ ಸುರಿದು, ಬೆಳೆ ಕೊಯ್ದು ಹೋಗುತ್ತಾರೆ. ಆ ಉರಿಗೆ ನಮ್ಮವರು ಎಷ್ಟೋ ಮಂದಿ ಸತ್ತರು."

"ಈ ಹೊಸಬರೂ ಹಾಗೆಯೇ ಏನು? ನೋಡಿಯೇ ಹೋಗು."

ಇಬ್ಬರೂ ಇಣುಕಿದರು. ಗುತ್ತಿಗೆ ಹಿಡಿದ ಹೊನ್ನಾಜಮ್ಮ ಬದುವಿನ ಮೇಲೆ ಹೊಂಗೆ ಸಸಿ ನೆಡುತ್ತಿದ್ದಳು. ಗದ್ದೆಯ ಒಡೆಯ ನಕ್ಕ. "ಇದರ ಸೊಪ್ಪು ಗದ್ದೆಗೆ ಗೊಬ್ಬರವಾಗಿ ಸಿಗೋಕೆ ಎಷ್ಟೋ ವರ್ಷ ಬೇಕಲ್ಲಮ್ಮ?"

"ಇಪ್ಪತ್ತು ವರ್ಷಕ್ಕೆ ಕೊಟ್ಟಿದ್ದೀರಲ್ಲ ಗೌಡ್ರೇ, ಕಾಯ್ತೀನಿ."

"ಈಗೇನು ಮಾಡುತ್ತೀ?" ಎಂದು ಏಡಿ ಕೇಳಿತು.

ಎರೆಹುಳು ಆಗಲೇ ಸಸಿಯ ಬುಡದ ಮಣ್ಣು ಸಡಿಲಿಸುತ್ತಿತ್ತು.