ಹಿಡಿಕೆ ಮುರಿದ ಹೂಜಿ

ಚಿತ್ರಕಲೆ ಓದುವವರು ಕಣ್ಣೆದುರು ಇದ್ದದ್ದನ್ನೇ ಬರೆಯುತ್ತಾರೆಂದು ವಿಶ್ವವಿದ್ಯಾಲಯದಲ್ಲಿ ಆಗ ಎಲ್ಲರೂ ನಂಬಿದ್ದರು. ಸ್ಟುಡಿಯೋದ ಮೇಜಿನ ಮೇಲೆ ವರ್ಷಗಳಿಂದ ಮಾಡೆಲ್ ಆಗಿ ಕೂತಿದ್ದ ಪಿಂಗಾಣಿ ಹೂಜಿಯೂ ನಂಬಿತ್ತು. ಪರೀಕ್ಷೆಯ ದಿನ ಬೆಳಿಗ್ಗೆ ಮೇಜು ಒರೆಸುವಾಗ ಹಿಡಿಕೆ ಮುರಿದು ಬಿದ್ದಾಗ ಅದಕ್ಕೆ ಜೀವವೇ ಬಾಯಿಗೆ ಬಂತು.

"ಇವತ್ತು ನನ್ನನ್ನು ತಿಪ್ಪೆಗೆ ಎಸೆಯುತ್ತಾರೆ, ಅಣ್ಣಾ," ಎಂದಿತು, ಚಿತ್ರದ ಹಲಗೆ ಹೊರುವ ಮುದಿ ಈಸೆಲ್‌ಗೆ.

"ಎಸೆಯಬೇಕಾದರೆ ಮೊದಲು ನಿನ್ನನ್ನು ನೋಡಬೇಕಲ್ಲ, ತಮ್ಮಾ," ಎಂದಿತು ಈಸೆಲ್.

"ಮೂರು ಗಂಟೆ ನನ್ನೆದುರೇ ಕೂರುತ್ತಾರೆ."

"ಕೂರುತ್ತಾರೆ, ನಿಜ."

ವಿದ್ಯಾರ್ಥಿಗಳು ಬಂದರು. ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಹಿಡಿದ ಕೈ ಚಾಚಿ ಹೂಜಿಯನ್ನು ಅಳೆದರು, ಬರೆದರು, ಹೋದರು. ಪ್ರೊಫೆಸರು ಹೂಜಿಯ ಪಕ್ಕದಲ್ಲೇ ನಿಂತು ಅಂಕ ಹಾಕಿದರು. ಎಲ್ಲರ ಚಿತ್ರದಲ್ಲೂ ಹಿಡಿಕೆ ಇತ್ತು. ಅದರ ನೆರಳನ್ನು ಚೆನ್ನಾಗಿ ಬರೆದವನಿಗೆ ಮೊದಲ ಸ್ಥಾನ ಬಂತು.