ಚರ್ಚಿನ ಬಾಗಿಲು ಜಗ್ಗಲಿಲ್ಲ

ಯೇಸು ಕುಡಿದ ಬಟ್ಟಲು ನೋಡ್ಬೇಕಂತ ಊರೂರು ಅಲೆದು ಬಂದ ಒಬ್ಬ ವೀರ, ಆ ಬಟ್ಟಲಿದ್ದ ಚರ್ಚಿನ ಬಾಗಿಲ ಮುಂದೆ ಮಂಡಿಯೂರಿ ಪಾಪ ಒಪ್ಕೊಂಡ. ಮಾಂಸ ಮುಟ್ಟಬಾರದ ಶುಕ್ರವಾರ ಮಾಂಸ ತಿಂದನಂತೆ, ಪ್ರಾರ್ಥನೇಲಿ ತೂಕಡಿಸಿದನಂತೆ. ಬಾಗಿಲು ಜಗ್ಗಲಿಲ್ಲ.

"ನನ್ನ ಎದೆ ಮೇಲಿರೋ ಶಿಲುಬೆ ಕಾಣಲ್ವೇನೇ? ತೆಗಿ!" ಅಂತು ಅವನ ಗುರಾಣಿ.

"ಬಣ್ಣ ಚೆನ್ನಾಗೇ ಬಳ್ಕೊಂಡಿದೀಯ ಕಣಮ್ಮ. ದೊಡ್ಡ ಪಾಪ ಎಲ್ಲಿ?" ಅಂತು ಬಾಗಿಲು.

ಕುದುರೆ ಬಾಯಿ ಸುಮ್ನಿರುತ್ತಾ? "ದಾರಿ ಬಿಡಲಿಲ್ಲ ಅಂತ ಸೇತುವೆ ಮೇಲೆ ಒಬ್ಬನ್ನ ಈಟೀಲಿ ಚುಚ್ಚಿ ಬಂದ್ವಲ್ಲ, ಪಾಪ, ಇನ್ನೂ ನರಳ್ತಿದ್ದ!"

"ಮುಚ್ಚೇ ಹರಕುಬಾಯಿ!" ಅಂತು ಗುರಾಣಿ.

ವೀರ ಮಾತ್ರ ಅಳ್ತಾ ಎದ್ದ. ಬಟ್ಟಲಿನ ಆಸೆ ಬಿಟ್ಟು, ಕುದುರೇನ ಸೇತುವೆ ಕಡೆ ತಿರುಗಿಸ್ದ.

ಆಗ ಬಾಗಿಲು ಕಿರ್ರಂತ ತೆರ್ಕೊಳ್ತು. "ಅವನನ್ನೂ ಕರ್ಕೊಂಡು ಬಾರಪ್ಪ. ಅಲ್ಲೀವರ್ಗೂ ನಾನು ಮುಚ್ಚಲ್ಲ."